ಚೆಂಡಿನ ಸದ್ದು ನಿಂತಾಗ

ಬಾಸ್ಕೆಟ್‌ಬಾಲ್ ಕೋಚ್ ಬಗ್ಗೆ ಕಾಲೇಜಿನಲ್ಲಿ ಗುಸುಗುಸು ಹಬ್ಬಿ ತಿಂಗಳಾಗಿತ್ತು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡವರೂ ಇರಲಿಲ್ಲ. ಕೊನೆಗೆ ಆಡಳಿತ ಮಂಡಳಿಯ ಕಾರ್ಯದರ್ಶಿಯೇ ವಿಚಾರಣೆಗೆ ಕೂತರು. ಪಕ್ಕದಲ್ಲಿ ಪ್ರಿನ್ಸಿಪಾಲರು. ಎದುರಿಗೆ ಹುಡುಗಿಯರ ತಂಡದ ಕ್ಯಾಪ್ಟನ್, ಕೂತಲ್ಲಿ ಕೂರಲಾರದೆ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ನೀವು ಬಟ್ಟೆ ಬದಲಾಯಿಸೋ ರೂಮಿನ ಬಾಗಿಲಲ್ಲೇ ದಿನಾ ನಿಂತಿರ್ತಾನಂತೆ?" ಎಂದರು ಕಾರ್ಯದರ್ಶಿ.

"ಹೌದು ಸರ್. ನಾವೇ ನಿಲ್ಲಿ ಅಂದಿದ್ದು. ಆ ಬಾಗಿಲಿಗೆ ಚಿಲಕ ಇಲ್ಲ."

"ನೆಲಕ್ಕೆ ಬಾಲ್ ಬೇರೆ ಬಡೀತಿರ್ತಾನಂತೆ?"

"ಬಾಗಿಲಿಗೆ ಬೆನ್ನು ಮಾಡಿ ಬಡೀತಾರೆ ಸರ್. ಸದ್ದು ಕೇಳ್ತಿದ್ರೆ ನಮಗೆ ಧೈರ್ಯ. ನಿಂತ್ರೆ ಯಾರೋ ಬರ್ತಿದ್ದಾರೆ ಅಂತ."

"ಇದೆಲ್ಲ ಅವನೇ ಹೇಳಿಕೊಟ್ಟಿದ್ದು!" ಕಾರ್ಯದರ್ಶಿ ಮೇಜು ಗುದ್ದಿದರು.

ಪ್ರಿನ್ಸಿಪಾಲರು ಮೆಲ್ಲಗೆ ಕೇಳಿದರು, "ಇಲ್ಲೀವರೆಗೆ ಆ ಸದ್ದು ಎಷ್ಟು ಸಲ ನಿಂತಿದೆಯಮ್ಮ?"

"ಮೂರು ಸಲ ಸರ್." ಅವಳ ಬೆರಳು ದುಪಟ್ಟಾ ಬಿಟ್ಟಿತು. ಅವಳು ಕಾರ್ಯದರ್ಶಿಯತ್ತ ತಿರುಗಿದಳು. "ಮೂರು ಸಲವೂ ಬಂದಿದ್ದು ನೀವೇ."