ಬೋಳು ಮಾಡುವ ಜಾಹೀರಾತು

"ಅವನ ತಲೇಲಿದ್ದ ಲಕ್ಷ ಕೂದಲನ್ನೂ ಈ ಕುರ್ಚೀಲಿ ಕೂತ್ಕೊಂಡೇ ಉದುರಿಸಿದೀನಿ ಕಣೇ" ಎಂದಳು ಪ್ರಫುಲ್ಲಾ, ಊಟದ ಡಬ್ಬಿ ಬಿಚ್ಚುತ್ತ.

ಅವಳು ಕೂದಲೆಣ್ಣೆ ಕಂಪನಿಯ ಆನ್‌ಲೈನ್ ಜಾಹೀರಾತು ನೋಡಿಕೊಳ್ಳುವವಳು. ಅವಳನ್ನು ನೋಡಲು ಬಂದ ವರನೊಬ್ಬ ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, ಹುಡುಗಿಯ ಜಡೆ ತೆಳ್ಳಗಿದೆ ಎಂದು ಹೇಳಿಕಳಿಸಿದ್ದ. ಅಂದಿನಿಂದ, ಜಾತಕದ ಜೊತೆ ಬಂದಿದ್ದ ಫೋನ್ ನಂಬರಿಗೆ "ನಿಮ್ಮ ತಲೆ ಬೋಳಾಗುತ್ತಿದೆಯೇ?" ಎಂಬ ಜಾಹೀರಾತು ದಿನಕ್ಕೆ ನಲವತ್ತು ಸಲ ಕಾಣುವಂತೆ ಮಾಡಿ ಸೇಡು ತೀರಿಸಿಕೊಳ್ಳುತ್ತಿದ್ದಳು.

"ಚಿಂತೇಲೇ ಬೋಳಾಗಿ ಹೋದ. ಈಗ ಕನ್ನಡಿ ಕಂಡ್ರೆ ಓಡ್ತಾನಂತೆ."

ಪಕ್ಕದ ಕುರ್ಚಿಯ ಗುಲ್ನಾಜ್, ಜಾಹೀರಾತು ನೋಡಿ ಯಾರು ಏನು ಕೊಂಡರೆಂದು ತೋರಿಸುವ ಅನಲಿಟಿಕ್ಸ್ ವರದಿ ತೆರೆದಳು. "ಅಲ್ಲ ಕಣೇ, ಆರು ತಿಂಗಳಲ್ಲಿ ಈ ನಂಬರಿಗೆ ಹದಿನಾಲ್ಕು ಬಾಟಲಿ ಎಣ್ಣೆ ಹೋಗಿದೆ. ತರಿಸಿಕೊಂಡೋರು ಹೆಂಗಸು, ವಯಸ್ಸು ಐವತ್ತೆಂಟು ಅಂತ ತೋರಿಸ್ತಿದೆ. ಯಾರೇ ಇದು?"

ಪ್ರಫುಲ್ಲಾಳ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಅವರಮ್ಮ. ಜಾತಕದ ಜೊತೆ ಕೊಟ್ಟಿದ್ದು ಅವರ ನಂಬರು."

"ಹಾಗಾದ್ರೆ ಅವನ ತಲೆ?"

"ಮೊನ್ನೆ ಒಂದು ಮದುವೇಲಿ ನೋಡಿದಾಗ ವಿಗ್ಗು ಅಂದ್ಕೊಂಡಿದ್ದೆ. ಅವರಮ್ಮ ದಿನಾ ತಿಕ್ಕಿ ತಿಕ್ಕಿ, ಬಾಚಣಿಗೆ ಇಳಿಯದ ಹಾಗೆ ಬೆಳೆದುಬಿಟ್ಟಿದೆ ಕಣೇ."