ಇನ್‌ಕ್ಯುಬೇಟರಿಗೆ ಕುಂಕುಮ

ಲ್ಯಾಬಿನ ಇನ್‌ಕ್ಯುಬೇಟರಿನ ಬಾಗಿಲ ಮೇಲೆ ಮೂರು ಕುಂಕುಮದ ಬೊಟ್ಟುಗಳಿದ್ದವು. ಧರಣಿ ಹತ್ತಿರ ಹೋಗಿ ಮೂಸಿದಳು. ಊದುಬತ್ತಿಯ ವಾಸನೆ. ಹೊರಬಾಗಿಲು ತೆರೆದರೆ ಒಳಗಿನ ಗಾಜಿನ ಬಾಗಿಲ ಅಂಚಿನಲ್ಲಿ ಬೂದಿಯೂ ಉದುರಿತ್ತು.

ಅಂದು ಆಯುಧಪೂಜೆ. ಊರಿನ ಸ್ಕೂಟರು, ಬಸ್ಸು, ಹೊಲಿಗೆ ಮಷೀನುಗಳಿಗೆಲ್ಲ ಪೂಜೆಯಾಗಲಿ, ಬೇಡವೆಂದವರಾರು? ಆದರೆ ಈ ಪೆಟ್ಟಿಗೆಯೊಳಗೆ ಒಂಬತ್ತು ಮೇಕೆ ಭ್ರೂಣಗಳಿದ್ದವು. ಧರಣಿಯೇ ಗಾಜಿನ ತಟ್ಟೆಯಲ್ಲಿ ಏಳು ದಿನ ಬೆಳೆಸಿದ್ದವು. ಒಂದಿಷ್ಟು ತಣ್ಣಗಾದರೂ, ಒಂದಿಷ್ಟು ಹೊಗೆ ಸೋಕಿದರೂ ಮುದುಡಿಬಿಡುವಂಥವು. ಅದಕ್ಕೇ ಈ ಕೋಣೆಗೆ ಸೆಂಟು ಹಾಕಿಕೊಂಡು ಬರುವಂತಿಲ್ಲ, ಹೂ ಮುಡಿದು ಬರುವಂತಿಲ್ಲ. ನೆಲ ಒರೆಸುವ ಸಿದ್ದಲಿಂಗಮ್ಮನ ಮಲ್ಲಿಗೆಗೆಂದೇ ಬಾಗಿಲ ಹೊರಗೆ ಒಂದು ಮೊಳೆ ಹೊಡೆಸಿದ್ದರು, ಧರಣಿಯ ಗೈಡ್ ವಾಗೀಶ ಸರ್.

ಹಿಂದೆ ಮೂರು ಸಲ ಕೈಸುಟ್ಟುಕೊಂಡಾಗಿತ್ತು. ಮೊದಲ ಸಲ ಅಂಡ ತೆಗೆಯಲೆಂದು ಕಸಾಯಿಖಾನೆಯಿಂದ ತಂದ ಅಂಡಾಶಯಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿ ದಾರಿಯಲ್ಲೇ ತಣ್ಣಗಾದವು. ಎರಡನೆಯ ಸಲ ತೀರಾ ಎಳೆಯ ಮೇಕೆಗಳ ಅಂಡಗಳು, ಬಲಿಯಲೇ ಇಲ್ಲ. ಮೂರನೆಯ ಸಲ ಎಲ್ಲವೂ ಸರಿಯಾಗಿತ್ತು, ಆದರೂ ಸತ್ತವು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಇದು ನಾಲ್ಕನೆಯದು, ಕೊನೆಯದು. ಮಧ್ಯಾಹ್ನ ಹನ್ನೆರಡಕ್ಕೆ ಎರಡು ಮೇಕೆಗಳ ಗರ್ಭಕ್ಕೆ ಈ ಭ್ರೂಣಗಳನ್ನು ಸೇರಿಸಬೇಕು. ಇಲ್ಲವಾದರೆ ಪ್ರಾಜೆಕ್ಟೂ ಮುಗಿಯಿತು, ಧರಣಿಯ ಪಿಎಚ್.ಡಿ.ಯೂ ಮುಗಿಯಿತು.

“ಸಿದ್ದಲಿಂಗಮ್ಮಾ!”

ಸಿದ್ದಲಿಂಗಮ್ಮ ಓಡಿಬಂದು ಬಾಗಿಲಲ್ಲೇ ನಿಂತರು. ಹಬ್ಬವೆಂದು ಎರಡು ಮೊಳ ಮಲ್ಲಿಗೆ ಮುಡಿದಿದ್ದರು, ಇನ್ನೂ ತೆಗೆದಿರಲಿಲ್ಲ.

“ಇದೇನ್ರೀ ಮಾಡಿಟ್ಟಿದ್ದೀರಾ? ಇಲ್ಲಿ ಊದುಬತ್ತಿ ಹಚ್ಚಬಾರದು ಅಂತ ಎಷ್ಟು ಸಲ ಬಡ್ಕೊಂಡಿಲ್ಲ ನಾನು?”

“ನಾನಲ್ಲ ಕಣವ್ವ. ಈಗ ತಾನೆ ಬಂದೆ. ಚಾಮುಂಡವ್ವನಾಣೆಗೂ ನಾನಲ್ಲ.”

“ನೀವಲ್ದೆ ಇನ್ಯಾರು? ಮೂರು ವರ್ಷದ ಕೆಲಸ ಮಣ್ಣುಪಾಲು ಮಾಡ್ಬುಟ್ರಲ್ಲ! ಹೋಗಿ ಆಚೆಗೆ!”

ಸಿದ್ದಲಿಂಗಮ್ಮ ತುಟಿ ಬಿಗಿಹಿಡಿದು ಹೊರಗೆ ಹೋದರು. ಧರಣಿಯ ತಾಯಿಯ ವಯಸ್ಸಿನವರು. ಧರಣಿಗೆ ಆಗ ಅದು ನೆನಪಾಗಲಿಲ್ಲ.

ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ನಿನ್ನೆ ಸಂಜೆ ಒಂಬತ್ತೂ ದುಂಡಗೆ ತುಂಬಿಕೊಂಡಿದ್ದವು. ಈಗ ಮೊದಲನೆಯದು ಮುದುಡಿತ್ತು. ಎರಡನೆಯದು ಕಪ್ಪಾಗಿತ್ತು. ಮೂರನೆಯದೂ ಅಷ್ಟೇ. ಒಂದೊಂದಾಗಿ ಒಂಬತ್ತನ್ನೂ ನೋಡಿ ಮುಗಿಸಿದಳು.

“ಎಷ್ಟು ಉಳಿದಿವೆ?” ಹಿಂದಿನಿಂದ ವಾಗೀಶ ಸರ್ ದನಿ. ಅವರು ಬಂದದ್ದೇ ಅವಳಿಗೆ ಗೊತ್ತಾಗಿರಲಿಲ್ಲ.

“ಒಂದೇ ಸರ್. ಅದೂ ಅನುಮಾನ. ಸಿದ್ದಲಿಂಗಮ್ಮ ಬಾಗಿಲು ತೆಗೆದು ಪೂಜೆ ಮಾಡಿದಾರೆ.”

ಸರ್ ತಾವೇ ನೋಡಬೇಕೆಂದು ಕೈಗೆ ಗ್ಲೌಸು ಎಳೆದುಕೊಳ್ಳುತ್ತಿದ್ದರು. ಆ ತೆಳು ಬಿಳಿ ರಬ್ಬರಿನೊಳಗಿಂದ ಉಂಗುರದ ಬೆರಳಿನ ತುದಿ ಕೆಂಪಗೆ ಕಾಣುತ್ತಿತ್ತು. ಧರಣಿ ಅದನ್ನೇ ನೋಡಿದಳು. ಅವಳು ನೋಡಿದ್ದನ್ನು ಅವರೂ ನೋಡಿದರು.

“ಬೆಳಿಗ್ಗೆ ಆರಕ್ಕೇ ಬಂದಿದ್ದೆ,” ಎಂದರು ಕೊನೆಗೆ. ಇಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. “ಹೋದ ಸಲ ಎಲ್ಲಾ ಸರಿಯಾಗೇ ಮಾಡಿದ್ವಲ್ಲ ಧರಣಿ. ಇನ್ನು ಮಾಡೋದಕ್ಕೆ ಏನು ಉಳಿದಿತ್ತು ಹೇಳು.”

ಧರಣಿ ತಿರುಗಿ ನೋಡಿದಳು. ಬಾಗಿಲಾಚೆ ಸಿದ್ದಲಿಂಗಮ್ಮ ಒದ್ದೆಬಟ್ಟೆ ಹಿಡಿದು ನಿಂತಿದ್ದರು. ತಲೆಯಲ್ಲಿ ಹೂವಿರಲಿಲ್ಲ.

“ಮಲ್ಲಿಗೆ ಬಿಚ್ಚಿ ಮೊಳೆಗೆ ಹಾಕಿದೀನಿ ಸಾರ್,” ಎಂದರು. “ಒಳಕ್ಕೆ ಬಂದು ಬೂದಿ ಒರೆಸ್ಬುಡ್ಲಾ?”