ಮೂರನೇ ಗೇರು

ಈಗಲೂ ಗೇರ್ ಆಯಿಲಿನ ವಾಸನೆ ಮೂಗಿಗೆ ಬಡಿದರೆ ನನಗೆ ಶ್ರೀರಂಗಪಟ್ಟಣದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಹಳೇ ಡೀಸೆಲ್ ಪಿಕಪ್ಪಿನಲ್ಲಿ ಮೂರನೇ ಗೇರು ನಿಲ್ಲುತ್ತಿರಲಿಲ್ಲ. ಹಾಕಿದ ಸ್ವಲ್ಪ ಹೊತ್ತಿಗೇ ಕಳಚಿಕೊಳ್ಳುತ್ತಿತ್ತು. ಬೂಕನಕೆರೆಯಿಂದ ತರಕಾರಿ ತುಂಬಿಕೊಂಡು ಪಾಂಡವಪುರದ ಸಂತೆಗೆ ಹೋಗುವಾಗ ಅವ್ವ ಪಕ್ಕದಲ್ಲಿ ಕೂತು, ಸೆರಗನ್ನು ಅಂಗೈಗೆ ಸುತ್ತಿಕೊಂಡು ಗೇರಿನ ರಾಡನ್ನು ಅದುಮಿ ಹಿಡಿಯುತ್ತಿದ್ದಳು.

ಹೊಸ ಗೇರ್ ಬಾಕ್ಸು ನಮ್ಮ ಕೈಗೆ ಎಟುಕುವಂಥದ್ದಲ್ಲ. ಗುಜರಿಗೆ ಬಿದ್ದ ವ್ಯಾನಿನಿಂದ ಐದು ಗೇರಿನ ಬಾಕ್ಸೊಂದನ್ನು ಅಪ್ಪ ಹುಡುಕಿ ತಂದ. ಶ್ರೀರಂಗಪಟ್ಟಣದ ಮೆಕ್ಯಾನಿಕ್ ಸಾಬರು ಅದನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಣಗಿ ಕೂರಿಸಿದರು. ಅವ್ವ, ನಾನು ಹಳೇ ಟೈರಿನ ಮೇಲೆ ಕೂತು ಬುತ್ತಿ ಉಂಡೆವು. ಕೊನೆಗೆ ಸಾಬರು ಕೈ ಒರೆಸಿಕೊಳ್ಳುತ್ತಾ, "ಇನ್ನು ಯೋಚ್ನೆ ಬುಟ್ಬುಡಿ ಗೌಡ್ರೇ" ಎಂದರು.

ವಾಪಸು ಬರುವಾಗ ಗೇರು ಅಲುಗಲಿಲ್ಲ. ಅಪ್ಪನಿಗೆ ಖುಷಿಯೋ ಖುಷಿ.

"ಇನ್ಮೇಲೆ ನೀ ಬರೋದ್ ಬ್ಯಾಡ ಕಣಮ್ಮಿ. ಮನೇಲಿ ಆರಾಮಾಗಿರು."

ಅವ್ವ ಕಿಟಕಿಯಾಚೆ ನಾಲೆಯ ನೀರನ್ನೇ ನೋಡುತ್ತಾ ಕೂತಳು. ಒಂದೆರಡು ಮೈಲಿ ಕಳೆದ ಮೇಲೆ ಮೆಲ್ಲಗೆ, "ನಾನು ಊರು ಬುಟ್ಟು ಈಚೆಗ್ ಬರೋದೇ ಸಂತೆ ದಿನ ಕಣಿ" ಎಂದಳು.

ಅಪ್ಪ ಗಾಡಿಯ ವೇಗ ತಗ್ಗಿಸಿದ. ಆಮೇಲೆ ರಸ್ತೆಯನ್ನೇ ನೋಡುತ್ತಾ, "ಈ ಬಾಕ್ಸೂ ಹಳೇದೇ ಅಲ್ವಾ? ಯಾವಾಗ ಕೈ ಕೊಟ್ಟಾತೋ ಏನೋ. ನೀ ಜೊತೇಲಿರು" ಎಂದ.

ಆ ಬಾಕ್ಸು ಎಂಟು ವರ್ಷ ಒಮ್ಮೆಯೂ ಕೈ ಕೊಡಲಿಲ್ಲ. ಗಾಡಿ ಮಾರುವವರೆಗೂ ಅವ್ವ ಮುಂದಿನ ಸೀಟಿನಲ್ಲಿ ಕೂತೇ ಸಂತೆಗೆ ಹೋಗುತ್ತಿದ್ದಳು.